ಮೊದಲ ಟ್ರಯಥ್ಲಾನ್: ಈಜಿನಿಂದ ಸೈಕಲ್‌ಗೆ, ಸೈಕಲ್‌ನಿಂದ ಓಟಕ್ಕೆ ತಡವರಿಸದೆ ದಾಟುವ ಬಗೆ

ದಾವಣಗೆರೆ, ಚಿತ್ರದುರ್ಗದ ಕಡೆ ಬೆಳಗಿನ ಜಾವ ಐದೂವರೆಗೆ ರಸ್ತೆಗಿಳಿದರೆ ಹೆಲ್ಮೆಟ್ ಹಾಕಿಕೊಂಡ ಸೈಕಲ್ ಸವಾರರು ಎದುರಾಗುತ್ತಾರೆ. ಕುಂದವಾಡ ಕೆರೆಯ ಸುತ್ತ ಓಡುವವರಿಗಂತೂ ಕೊರತೆಯಿಲ್ಲ. ಊರ ಬಾವಿಯಲ್ಲಿ, ಭದ್ರಾ ನಾಲೆಯಲ್ಲಿ ಈಜು ಕಲಿತವರು ಹಳ್ಳಿಹಳ್ಳಿಯಲ್ಲೂ ಇದ್ದಾರೆ. ಮೂರೂ ಅಷ್ಟಿಷ್ಟು ಬರುತ್ತದೆ ಎಂದಾದ ಮೇಲೆ, ಈ ಮೂರನ್ನೂ ಒಂದರ ಹಿಂದೊಂದು ಮಾಡುವ ಟ್ರಯಥ್ಲಾನ್ ಸ್ಪರ್ಧೆಯೊಂದನ್ನು ಮಾಡಿಯೇ ಬಿಡೋಣ ಎನ್ನಿಸುವುದು ಸಹಜ. ಹಾಗೆ ಹೆಸರು ಕೊಟ್ಟವರು ಈಜಿಗೆ ತಯಾರಾಗುತ್ತಾರೆ, ಸೈಕಲ್‌ಗೆ ತಯಾರಾಗುತ್ತಾರೆ, ಓಟಕ್ಕೂ ತಯಾರಾಗುತ್ತಾರೆ. ಇವುಗಳ ನಡುವಿನ ಎರಡು ಗಳಿಗೆಗಳಿಗೆ ಮಾತ್ರ ತಯಾರಿ ಇರುವುದಿಲ್ಲ. ಈ ಬರಹ ಆ ಎರಡು ಗಳಿಗೆಗಳಿಗಾಗಿ.

ಈಜು ಮುಗಿಸಿ ಸೈಕಲ್ ಹತ್ತುವವರೆಗಿನದು ಟಿ1, ಸೈಕಲ್ ಇಳಿದು ಓಟ ಶುರು ಮಾಡುವವರೆಗಿನದು ಟಿ2. ಟ್ರಾನ್ಸಿಷನ್ ಅಂದರೆ ಇಷ್ಟೇ. ಗಡಿಯಾರ ಅಲ್ಲೂ ನಿಲ್ಲುವುದಿಲ್ಲ. ನೀವು ಕಾಲುಚೀಲ ಹುಡುಕುತ್ತಿದ್ದರೂ ನಿಮ್ಮ ಸಮಯ ಓಡುತ್ತಲೇ ಇರುತ್ತದೆ. ಸ್ಪ್ರಿಂಟ್ ದೂರದ ಸ್ಪರ್ಧೆಯಲ್ಲಿ 750 ಮೀಟರ್ ಈಜು, 20 ಕಿ.ಮೀ. ಸೈಕಲ್, 5 ಕಿ.ಮೀ. ಓಟ. ಒಲಿಂಪಿಕ್ ದೂರವೆಂದರೆ 1.5, 40, 10 ಕಿ.ಮೀ. ಮೊದಲ ಸಲದವರು ಸ್ಪ್ರಿಂಟ್‌ನಿಂದ ಶುರು ಮಾಡುವುದು ಒಳ್ಳೆಯದು. ದೂರ ಕಡಿಮೆಯಾದಷ್ಟೂ ಟ್ರಾನ್ಸಿಷನ್‌ನಲ್ಲಿ ಕಳೆದ ಒಂದೊಂದು ನಿಮಿಷದ ತೂಕ ಹೆಚ್ಚು.

ಟ್ರಯಥ್ಲಾನ್ ಮೊದಲ ಸಲ ಒಲಿಂಪಿಕ್ಸ್‌ಗೆ ಬಂದದ್ದು 2000ರಲ್ಲಿ, ಸಿಡ್ನಿಯಲ್ಲಿ. ಅಲ್ಲಿ ಮಹಿಳೆಯರ ಚಿನ್ನ ಗೆದ್ದ ಸ್ವಿಟ್ಜರ್ಲೆಂಡಿನ ಬ್ರಿಗಿಟ್ ಮ್ಯಾಕ್‌ಮಾನ್‌ಗೂ ಬೆಳ್ಳಿ ಗೆದ್ದ ಆಸ್ಟ್ರೇಲಿಯಾದ ಮಿಶೆಲಿ ಜೋನ್ಸ್‌ಗೂ ನಡುವೆ ಇದ್ದದ್ದು ಸುಮಾರು 2 ಸೆಕೆಂಡ್. ಎರಡು ಗಂಟೆ ಸೆಣಸಿದ ಮೇಲೆ! ನಮಗೆ ಪದಕದ ಲೆಕ್ಕ ಬೇಡ. ಆದರೆ ಟ್ರಾನ್ಸಿಷನ್‌ನಲ್ಲಿ ಗಾಬರಿಯಾದವರು ಆ ಗಾಬರಿಯನ್ನು ಸೈಕಲ್ ಮೇಲೂ ಹೊತ್ತುಕೊಂಡು ಹೋಗುತ್ತಾರೆ. ಏದುಸಿರು ಇಳಿಯಲು ಎರಡು ಮೂರು ಕಿಲೋಮೀಟರ್ ಬೇಕಾಗುತ್ತದೆ. ನಾನು ಇದನ್ನು ಇಷ್ಟು ಒತ್ತಿ ಹೇಳಲು ಕಾರಣ ಅದು.

ಟ್ರಾನ್ಸಿಷನ್‌ನಲ್ಲಿ ವೇಗ ಬರುವುದು ಕೈ ಚುರುಕಿನಿಂದ ಎಂದು ಹಲವರು ತಿಳಿದಿದ್ದಾರೆ. ನಿಜವಾಗಿ ಅದು ಬರುವುದು ಎರಡರಿಂದ: ಸಾಮಾನು ಕಡಿಮೆ ಇರಬೇಕು, ಕ್ರಮ ಒಂದೇ ಇರಬೇಕು. ಮುಂದೆ ಹೇಳುವುದೆಲ್ಲ ಇವೆರಡರ ವಿಸ್ತಾರ.

ಸಾಮಾನು ಕಡಿಮೆ ಮಾಡಿ

ಮನೆಯಲ್ಲಿ ಒಂದು ಚಾಪೆ ಹಾಸಿ, ಸ್ಪರ್ಧೆಗೆ ಬೇಕು ಅನ್ನಿಸಿದ್ದನ್ನೆಲ್ಲ ಅದರ ಮೇಲೆ ಹರಡಿ. ಆಮೇಲೆ ಒಂದೊಂದನ್ನೇ ಎತ್ತಿ, ಇದಿಲ್ಲದಿದ್ದರೆ ಸ್ಪರ್ಧೆ ನಿಲ್ಲುತ್ತದೆಯೇ ಎಂದು ಕೇಳಿಕೊಳ್ಳಿ. ನಿಲ್ಲುವುದಿಲ್ಲವಾದರೆ ಅದು ಬೀರುವಿಗೆ ವಾಪಸ್. ಕೈಗವಸು, ಸೈಕಲ್ ಜೆರ್ಸಿ, ಬದಲಿ ಚಡ್ಡಿ, ಬಾಚಣಿಗೆ, ಸೊಂಟದ ಚೀಲ ಎಲ್ಲ ಹೀಗೆ ಹೋಗುತ್ತವೆ. ಉಳಿಯುವುದು ಈಜು ಟೋಪಿ, ಈಜು ಕನ್ನಡಕ, ಹೆಲ್ಮೆಟ್, ನಂಬರ್ ಬೆಲ್ಟ್, ಶೂ, ಓಟಕ್ಕೊಂದು ಟೋಪಿ, ಸಣ್ಣ ಟವೆಲ್, ಸೈಕಲ್ ಮೇಲಿನ ನೀರಿನ ಬಾಟಲಿ. ಬಿಸಿಲಿಗೆ ಕಪ್ಪು ಕನ್ನಡಕ ಬೇಕೆಂದರೆ ಸೇರಿಸಿಕೊಳ್ಳಿ.

ಬಟ್ಟೆಯದು ದೊಡ್ಡ ವಿಷಯ. ಈಜಲು ಒಂದು, ಸೈಕಲ್‌ಗೆ ಇನ್ನೊಂದು ಎಂದರೆ ಒದ್ದೆ ಮೈಗೆ ಟೀ ಶರ್ಟ್ ಏರಿಸುವ ಕಷ್ಟ ಎದುರಾಗುತ್ತದೆ. ಬನಿಯನ್ ಬೆನ್ನಿನ ಮಧ್ಯೆ ಸುರುಳಿ ಸುತ್ತಿಕೊಂಡು ಮೇಲಕ್ಕೂ ಬಾರದೆ ಕೆಳಕ್ಕೂ ಇಳಿಯದೆ ನಿಲ್ಲುವುದನ್ನು ಒಮ್ಮೆ ಬಚ್ಚಲಲ್ಲಿ ಪರೀಕ್ಷಿಸಿ ನೋಡಿ. ಸೈಕಲ್ ಮತ್ತು ಓಟದಲ್ಲಿ ಬರಿ ಮೈಯಲ್ಲಿ ಹೋಗಲು ಸಾಮಾನ್ಯವಾಗಿ ನಿಯಮ ಬಿಡುವುದಿಲ್ಲ. ಆದ್ದರಿಂದ ಮೂರಕ್ಕೂ ಒಂದೇ ಉಡುಪು ಇರಲಿ. ಇದಕ್ಕೆಂದೇ ಬರುವ ಟ್ರೈಸೂಟ್ ಉಡುಪು ಕೊಳ್ಳಲು ದುಡ್ಡು ಹಾಕಲೇಬೇಕಿಲ್ಲ. ಮೈಗೆ ಅಂಟುವ, ಬೇಗ ಒಣಗುವ ಬನಿಯನ್ನು ಮತ್ತು ತೊಡೆಯವರೆಗಿನ ಬಿಗಿ ಚಡ್ಡಿ ಸಾಕು. ಹತ್ತಿ ಬಟ್ಟೆ ಮಾತ್ರ ಬೇಡ. ನೀರು ಕುಡಿದು ಭಾರವಾಗಿ ತೊಡೆಸಂದಿ ಉಜ್ಜುತ್ತದೆ. ಉಜ್ಜುವ ಕಡೆಗೆಲ್ಲ, ಅಂದರೆ ಕತ್ತಿನ ಹಿಂಭಾಗ, ಕಂಕುಳು, ತೊಡೆಸಂದಿಗೆ, ಮೊದಲೇ ವ್ಯಾಸಲೀನ್ ಹಚ್ಚಿ. ಪೂರ್ತಿ ತೋಳು, ಪೂರ್ತಿ ಕಾಲು ಮುಚ್ಚುವ ಉಡುಪಿನಲ್ಲಿ ಈಜಬೇಕೆನ್ನುವ ಹೆಣ್ಣುಮಕ್ಕಳು ಆಯೋಜಕರನ್ನು ಮೊದಲೇ ಕೇಳಿಟ್ಟುಕೊಳ್ಳಬೇಕು. ಕೆಲವು ಸ್ಪರ್ಧೆಗಳಲ್ಲಿ ಈಜಿನ ವೇಳೆ ಅದಕ್ಕೆ ನಿರ್ಬಂಧವಿರುತ್ತದೆ, ಕೆಲವು ಕಡೆ ಕೇಳಿದರೆ ಒಪ್ಪುತ್ತಾರೆ. ಆ ದಿನ ಬೆಳಗ್ಗೆ ವಾದ ಮಾಡುವ ಹಾಗೆ ಆಗಬಾರದು.

ಓಲೆ, ಜುಮಕಿಗಳನ್ನು ಹಿಂದಿನ ರಾತ್ರಿಯೇ ತೆಗೆದಿಡಿ. ಅವಸರದಲ್ಲಿ ಈಜು ಕನ್ನಡಕದ ರಬ್ಬರ್ ಕೀಳುವಾಗಲೂ, ಹೆಲ್ಮೆಟ್ ಪಟ್ಟಿ ಎಳೆಯುವಾಗಲೂ ಸಿಕ್ಕಿಹಾಕಿಕೊಳ್ಳುವುದು ಅವೇ. ಉದ್ದ ಕೂದಲಿನವರು ಜಡೆಯನ್ನು ಕತ್ತಿನ ಹತ್ತಿರ ಕೆಳಗೆ ಹೆಣೆದುಕೊಳ್ಳಿ. ಮೇಲೆ ಕಟ್ಟಿದ ತುರುಬಿನ ಮೇಲೆ ಹೆಲ್ಮೆಟ್ ಕೂರುವುದಿಲ್ಲ. ಕನ್ನಡಕ ಹಾಕುವವರಿಗೆ ಪವರ್ ಇರುವ ಈಜು ಕನ್ನಡಕ ಸಿಗುತ್ತದೆ. ಮಾಮೂಲಿ ಕನ್ನಡಕದ ಕಡ್ಡಿ ಬಿಡಿಸಿ, ಮಗುಚಿಟ್ಟ ಹೆಲ್ಮೆಟ್ ಒಳಗೆ ಇಡಿ. ಅದನ್ನು ಹಾಕಿಕೊಳ್ಳದೆ ಹೆಲ್ಮೆಟ್ ತಲೆಗೆ ಹೋಗುವ ಹಾಗೇ ಇಲ್ಲ, ಹೀಗಾಗಿ ಮರೆಯುವುದೂ ಇಲ್ಲ.

ಶೂ ಒಂದೇ ಜೊತೆ ಸಾಕು

ಮೊದಲ ಸ್ಪರ್ಧೆಗೆ ಕ್ಲೀಟ್ ಶೂ (ಅಡಿಯಲ್ಲಿರುವ ಕೊಕ್ಕೆಯಿಂದ ಪೆಡಲ್‌ಗೆ ಸಿಕ್ಕಿಕೊಳ್ಳುವ ಶೂ), ಅದಕ್ಕೆ ಬೇಕಾದ ಕ್ಲಿಪ್ ಪೆಡಲ್ ಬೇಡ. ಮಾಮೂಲಿ ಚಪ್ಪಟೆ ಪೆಡಲ್, ಓಡುವ ಶೂ, ಅಷ್ಟೇ. ಕ್ಲೀಟ್ ಹಾಕಿದರೆ ಪೆಡಲ್ ಒತ್ತುವುದರಲ್ಲಿ ಲಾಭ ಇದೆ ಎನ್ನುವ ಸ್ನೇಹಿತರು ಸಿಗುತ್ತಾರೆ. ಇರಬಹುದು. ಆದರೆ 20 ಕಿ.ಮೀ.ಯಲ್ಲಿ ಆ ಲಾಭ ಪಡೆಯಲು ಕ್ಲೀಟ್ ಅಭ್ಯಾಸವಾಗಿರಬೇಕು, ಕ್ಲೀಟ್ ಹಾಕಿಕೊಂಡು ಸೈಕಲ್ ದೂಡುತ್ತಾ ಓಡುವುದೂ ಗೊತ್ತಿರಬೇಕು. ಒಂದೇ ಶೂ ಇದ್ದವರಿಗೆ ಟಿ2ರಲ್ಲಿ ಸೈಕಲ್ ನಿಲ್ಲಿಸಿ ಹೆಲ್ಮೆಟ್ ತೆಗೆಯುವುದನ್ನು ಬಿಟ್ಟರೆ ಬೇರೆ ಕೆಲಸವೇ ಇರುವುದಿಲ್ಲ. ನಿಮಗೆ ಕ್ಲೀಟ್ ಈಗಾಗಲೇ ವರ್ಷಗಟ್ಟಲೆ ರೂಢಿಯಾಗಿದ್ದರೆ ಆ ಮಾತು ಬೇರೆ.

ಲೇಸ್ ಕಟ್ಟುವ ಕೆಲಸವನ್ನು ಪೂರ್ತಿ ತೆಗೆದುಹಾಕಿ. ಎಲಾಸ್ಟಿಕ್ ಲೇಸ್ ಆನ್‌ಲೈನ್‌ನಲ್ಲಿ ಸಿಗುತ್ತದೆ. ಬೇಡವೆಂದರೆ ಟೈಲರ್ ಸಾಮಾನಿನ ಅಂಗಡಿಯಲ್ಲಿ ದುಂಡನೆಯ ಎಲಾಸ್ಟಿಕ್ ದಾರ ಕೇಳಿ, ಹಳೆ ಬ್ಯಾಗಿನ ಒತ್ತುಗುಂಡಿಯನ್ನು ಅದಕ್ಕೆ ಏರಿಸಿ. ಕಾಲು ತೂರಿಸಿದರೆ ತಾನೇ ಹಿಗ್ಗಿ ಕೂರುವಷ್ಟು ಬಿಗಿ ಇರಲಿ. ಪಾದದ ಮೇಲೆ ಒತ್ತಿದರೆ ಓಟದಲ್ಲಿ ಜೋಮು ಹಿಡಿಯುತ್ತದೆ, ಅದಕ್ಕೆ ಎರಡು ಮೂರು ದಿನ ಓಡಿ ಸರಿಪಡಿಸಿಕೊಳ್ಳಿ. ಶೂ ಹಿಮ್ಮಡಿಯ ಬಳಿ ಬೆರಳು ಸಿಕ್ಕಿಸುವ ಕುಣಿಕೆ ಇಲ್ಲದಿದ್ದರೆ ಚಪ್ಪಲಿ ಹೊಲಿಯುವವರ ಹತ್ತಿರ ಒಂದು ತುಂಡು ಪಟ್ಟಿ ಹೊಲಿಸಿ.

ಕಾಲುಚೀಲ ಬೇಕೇ ಬೇಡವೇ? ಹೊಸಬರು ಹಾಕಿಕೊಳ್ಳಲಿ ಎನ್ನುವವನು ನಾನು. ಬೊಬ್ಬೆ ಎದ್ದರೆ ಕೊನೆಯ ಮೂರು ಕಿಲೋಮೀಟರ್ ನರಕ. ಒದ್ದೆ ಕಾಲಿಗೆ ಚೀಲ ಹೋಗುವುದಿಲ್ಲ ಎಂಬುದು ನಿಜವಾದ ತೊಂದರೆ, ಅದಕ್ಕೂ ಉಪಾಯವಿದೆ. ಚೀಲವನ್ನು ಬೆರಳ ತುದಿಯವರೆಗೂ ಮಡಚಿ ಉಂಗುರದ ಹಾಗೆ ಮಾಡಿ, ಒಳಗೆ ಪೌಡರ್ ಉದುರಿಸಿ, ಶೂ ಬಾಯಲ್ಲಿ ಇಟ್ಟಿರಿ. ಟವೆಲ್ ಮೇಲೆ ಎರಡು ಸಲ ಪಾದ ತಿಕ್ಕಿ, ಬೆರಳು ಉಂಗುರದೊಳಗೆ ತೂರಿಸಿ, ಹಿಮ್ಮಡಿಯವರೆಗೆ ಬಿಚ್ಚುತ್ತಾ ಎಳೆದರೆ ಆಯಿತು.

ನಂಬರ್ ಚೀಟಿಯನ್ನು ಪಿನ್ನಿನಿಂದ ಬನಿಯನ್‌ಗೆ ಸಿಕ್ಕಿಸಿಕೊಂಡು ಈಜಿದರೆ ಕಾಗದ ಹರಿಯುತ್ತದೆ. ಎಲಾಸ್ಟಿಕ್ ಬೆಲ್ಟ್‌ಗೆ ಸಿಕ್ಕಿಸಿ. ಸೈಕಲ್ ಮೇಲೆ ನಂಬರ್ ಬೆನ್ನಿಗೆ, ಓಟದಲ್ಲಿ ಹೊಟ್ಟೆಗೆ ತಿರುಗಿಸಿದರೆ ಮುಗಿಯಿತು.

ಸೈಕಲ್ ತಯಾರಿ, ನಮ್ಮ ಕಡೆಯ ಮುಳ್ಳು, ನಮ್ಮ ಕಡೆಯ ಗಾಳಿ

ಸೈಡ್ ಸ್ಟ್ಯಾಂಡ್, ಬುಟ್ಟಿ, ಕ್ಯಾರಿಯರ್ ಇದ್ದರೆ ಬಿಚ್ಚಿಸಿ. ಬ್ರೇಕ್ ಹಿಡಿತ ನೋಡಿ. ಹ್ಯಾಂಡಲ್ ತುದಿಯ ಮುಚ್ಚಳ ಬಿದ್ದುಹೋಗಿದ್ದರೆ ಹಾಕಿಸಿ. ತೆರೆದ ಕೊಳವೆಯ ತುದಿ ಬಿದ್ದಾಗ ಮೈಗೆ ಹೊಕ್ಕುತ್ತದೆ ಎಂದು ತಪಾಸಣೆಯಲ್ಲೇ ವಾಪಸ್ ಕಳಿಸುತ್ತಾರೆ.

ಟಯರ್ ವಿಷಯಕ್ಕೆ ಬಂದರೆ ನಮ್ಮ ಎರಡೂ ಜಿಲ್ಲೆಗಳ ಸವಾರರು ಬೇರೆಯವರಿಗಿಂತ ಹೆಚ್ಚು ಎಚ್ಚರವಾಗಿರಬೇಕು. ರಸ್ತೆಯಂಚಿನಲ್ಲಿ ಬಳ್ಳಾರಿ ಜಾಲಿ, ಹೊಲದ ದಾರಿಯಲ್ಲಿ ನೆಗ್ಗಿಲು ಮುಳ್ಳು. ಜಾಲಿ ಮುಳ್ಳು ಚುಚ್ಚಿದ ತಕ್ಷಣ ಗಾಳಿ ಹೋಗಬೇಕೆಂದೇನಿಲ್ಲ. ತುದಿ ಮುರಿದು ಟಯರ್ ಒಳಗೇ ಕೂತು, ನಾಲ್ಕು ದಿನ ಬಿಟ್ಟು ಟ್ಯೂಬ್ ಕೊರೆಯುತ್ತದೆ. ಸ್ಪರ್ಧೆಗೆ ಒಂದು ವಾರ ಮೊದಲು ಟಯರ್ ಬಿಚ್ಚಿ, ಒಂದು ಹಿಡಿ ಹತ್ತಿಯನ್ನು ಒಳಮೈಯಲ್ಲಿ ನಿಧಾನವಾಗಿ ಸುತ್ತಲೂ ಎಳೆಯಿರಿ. ಬೆರಳಿಗೆ ತಿಳಿಯದ ಮುಳ್ಳಿನ ತುದಿ ಕೂಡ ಹತ್ತಿಯ ಎಳೆಯನ್ನು ಹಿಡಿದು ನಿಲ್ಲಿಸುತ್ತದೆ. ಅಲ್ಲಿ ಹೊರಗಿನಿಂದ ಒತ್ತಿ, ಚಿಮುಟದಿಂದ ಕೀಳಿ. ಹತ್ತಿ ಮಿಲ್ಲುಗಳಿಗೆ ಹೆಸರಾಗಿದ್ದ ದಾವಣಗೆರೆಯಲ್ಲಿ ಒಂದು ಹಿಡಿ ಹತ್ತಿಗೇನು ಬರ! ಗಾಳಿ ತುಂಬುವುದು ಸ್ಪರ್ಧೆಯ ಬೆಳಗ್ಗೆಯೇ ಆಗಲಿ.

ಚೈನನ್ನು ಹಗುರ ಗೇರಿಗೆ ಹಾಕಿ ನಿಲ್ಲಿಸುವುದನ್ನು ಮರೆಯಬೇಡಿ. ಟಿ1ರಿಂದ ಹೊರಗೆ ಬಂದವರು ಗಟ್ಟಿ ಗೇರಿನಲ್ಲಿ ಪೆಡಲ್ ತುಳಿಯಲಾಗದೆ ಅಲ್ಲೇ ವಾಲಿ ಬೀಳುವುದು ಎಲ್ಲ ಸ್ಪರ್ಧೆಗಳಲ್ಲೂ ಕಾಣುವ ದೃಶ್ಯ. ಎಡ ಪೆಡಲ್ ಕೆಳಗೆ, ಬಲ ಪೆಡಲ್ ಸ್ವಲ್ಪ ಮುಂದಕ್ಕೆ ಮೇಲಿದ್ದರೆ ಹತ್ತಿದ ಕೂಡಲೇ ಒಂದು ತುಳಿತಕ್ಕೆ ಸೈಕಲ್ ಮುಂದೆ ಹೋಗುತ್ತದೆ.

ಇನ್ನು ಗಾಳಿ. ಚಿತ್ರದುರ್ಗದ ಗುಡ್ಡಗಳ ಮೇಲೆ ಸಾಲು ಸಾಲು ಗಾಳಿಯಂತ್ರ ನಿಂತಿರುವುದು ಸುಮ್ಮನೆ ಅಲ್ಲ. ಆಷಾಢದಲ್ಲಿ ಅಭ್ಯಾಸಕ್ಕೆ ಮೈದಾನಕ್ಕೆ ಹೋದವರಿಗೆ ಗೊತ್ತು, ಹಾಸಿದ ಟವೆಲ್ಲೇ ಹಾರಿಹೋಗುತ್ತದೆ. ಬೆಲ್ಟನ್ನು ಹೆಲ್ಮೆಟ್ ಒಳಗೆ, ಟೋಪಿಯನ್ನು ಶೂ ಒಳಗೆ ಇಡುವ ರೂಢಿಯನ್ನು ಇಲ್ಲಿಂದಲೇ ಮಾಡಿಕೊಂಡರೆ ಬೇರೆ ಯಾವ ಊರಿಗೆ ಹೋದರೂ ಅದು ಕೈ ಬಿಡುವುದಿಲ್ಲ.

ಟವೆಲ್ ಮೇಲಿನ ಜೋಡಣೆ

ನಿಮಗೆ ಸಿಗುವ ಜಾಗ ಸೈಕಲ್ ಪಕ್ಕದಲ್ಲಿ ಒಂದು ಸಣ್ಣ ಟವೆಲ್‌ನಷ್ಟು. ಸೈಕಲ್ಲನ್ನು ಅಡ್ಡಕಂಬಿಗೆ ಸೀಟಿನಿಂದ ನೇತುಹಾಕುವುದೇ ಹೆಚ್ಚು. ಕುಳ್ಳಗಿರುವವರ ಸೈಕಲ್ ಸೀಟು ಕೆಲವೊಮ್ಮೆ ಕಂಬಿಗೆ ಎಟುಕುವುದಿಲ್ಲ. ಆಗ ಬ್ರೇಕ್ ಹಿಡಿಗಳನ್ನು ಕಂಬಿಗೆ ಸಿಕ್ಕಿಸಬಹುದು. ಎರಡನ್ನೂ ಮನೆಯಲ್ಲಿ ಏಣಿಯನ್ನೋ ಗೇಟನ್ನೋ ಅಡ್ಡಕಂಬಿ ಮಾಡಿಕೊಂಡು ರೂಢಿಸಿಕೊಳ್ಳಿ.

ಮಗುಚಿಟ್ಟ ಹೆಲ್ಮೆಟ್ ಹ್ಯಾಂಡಲ್ ಮೇಲೆ ಕೂರಲಿ, ಪಟ್ಟಿಗಳು ಎರಡೂ ಕಡೆ ಹೊರಗೆ ಜೋತಿರಲಿ, ಹೆಲ್ಮೆಟ್‌ನ ಮುಂಭಾಗ ನಿಮ್ಮತ್ತ ಇರಲಿ. ಆಗ ಎರಡೂ ಪಟ್ಟಿ ಹಿಡಿದು ಎತ್ತಿ ಮಗುಚಿದರೆ ತಲೆಗೆ ನೇರವಾಗಿ ಬರುತ್ತದೆ. ಗಾಳಿ ಜೋರಿದ್ದರೆ ಹ್ಯಾಂಡಲ್ ಬೇಡ, ಶೂ ಮೇಲೆ ಇಡಿ. ಶೂ ಬಾಯಿ ತೆರೆದು, ಹಿಮ್ಮಡಿ ನಿಮ್ಮ ಕಡೆಗೆ. ಟವೆಲ್‌ನ ಉಳಿದ ಅರ್ಧ ಪಾದ ಒರೆಸಲು ಖಾಲಿ ಬಿಡಿ. ಮಳೆಗಾಲದಲ್ಲಿ ಎರೆಮಣ್ಣಿನ ಮೈದಾನವಾದರೆ ಆ ಅರ್ಧ ಟವೆಲ್ಲೇ ನಿಮ್ಮ ಪ್ರಾಣ; ಎರೆ ಮೆತ್ತಿದ ಪಾದಕ್ಕೆ ಚೀಲವೂ ಏರದು, ಶೂವೂ ಏರದು. ಮಳೆಯ ಸೂಚನೆ ಇದ್ದರೆ ಶೂಗಳ ಮೇಲೆ ಒಂದು ಪ್ಲಾಸ್ಟಿಕ್ ಚೀಲ ಮುಚ್ಚಿಡಿ.

ನಿಮ್ಮ ಜಾಗ ಗುರುತಿಸಲು ಬಲೂನ್, ರಿಬ್ಬನ್ ಕಟ್ಟಬೇಡಿ. ಹೆಚ್ಚಿನ ಕಡೆ ಅದಕ್ಕೆ ಅನುಮತಿ ಇಲ್ಲ, ಹೇಳದೆ ಕೇಳದೆ ತೆಗೆದುಬಿಡುತ್ತಾರೆ. ಪಕ್ಕದವರ ಕೆಂಪು ಸೈಕಲ್ಲನ್ನು ಗುರುತಿಟ್ಟುಕೊಳ್ಳುವುದೂ ಕೆಲಸಕ್ಕೆ ಬಾರದು. ನೀವು ಬರುವ ಹೊತ್ತಿಗೆ ಆ ಸೈಕಲ್ ರಸ್ತೆಯಲ್ಲಿರುತ್ತದೆ. ಅಲುಗದ ವಸ್ತು ನೋಡಿ: ಬೇವಿನ ಮರ, ದೀಪದ ಕಂಬ, ಗೋಡೆಯ ಮೂಲೆ. ಅಲ್ಲಿಂದ ಎಷ್ಟನೇ ಸಾಲು, ಸಾಲಿನಲ್ಲಿ ಎಷ್ಟನೇ ಜಾಗ ಎಂದು ಎಣಿಸಿ. ಆಮೇಲೆ ಈಜಿನಿಂದ ಬರುವ ದಾರಿಯಲ್ಲಿ ಒಮ್ಮೆ, ಸೈಕಲ್ ಹೊರಡುವ ದಾರಿಯಲ್ಲಿ ಒಮ್ಮೆ, ಸೈಕಲ್ ವಾಪಸ್ ಬರುವ ದಾರಿಯಲ್ಲಿ ಒಮ್ಮೆ, ಓಟಕ್ಕೆ ಹೊರಡುವ ದಾರಿಯಲ್ಲಿ ಒಮ್ಮೆ ನಡೆದು ನೋಡಿ. ನಾಲ್ಕೂ ದಿಕ್ಕಿನಿಂದ ನಿಮ್ಮ ಜಾಗ ನಾಲ್ಕು ರೀತಿ ಕಾಣುತ್ತದೆ. ಹತ್ತು ನಿಮಿಷದ ಈ ನಡಿಗೆಯನ್ನು ಸೋಮಾರಿತನದಿಂದ ಬಿಡುವವರೇ ಹೆಚ್ಚು, ಸಾಲುಗಳ ನಡುವೆ ಒದ್ದೆ ಮೈಯಲ್ಲಿ ಅಲೆಯುವವರೂ ಅವರೇ.

ಟಿ1: ನೀರಿನಿಂದ ರಸ್ತೆಗೆ

ಟಿ1 ಶುರುವಾಗುವುದು ನೀರಿನಲ್ಲೇ. ಮಲಗಿ ಈಜುತ್ತಿದ್ದ ದೇಹ ಒಮ್ಮೆಲೇ ಎದ್ದು ನಿಂತಾಗ ರಕ್ತ ಕಾಲಿನತ್ತ ಇಳಿದು ತಲೆ ಗಿರ್ ಅನ್ನುತ್ತದೆ. ಈಜಿನಲ್ಲಿ ಹೆಚ್ಚಿನ ಕೆಲಸ ಮಾಡಿದ್ದು ತೋಳು, ಕಾಲು ಇನ್ನೂ ಎಚ್ಚೆತ್ತಿರುವುದಿಲ್ಲ. ಕೊನೆಯ 50 ಮೀಟರ್‌ನಲ್ಲಿ ಕಾಲನ್ನು ಸ್ವಲ್ಪ ಜೋರಾಗಿ ಬಡಿಯಿರಿ, ಉಸಿರು ನಿಧಾನ ಮಾಡಿ. ಆ ಹೊತ್ತಿಗೇ ಮುಂದಿನ ಮೂರು ಕೆಲಸಗಳನ್ನು ಮನಸ್ಸಿನಲ್ಲಿ ಹೇಳಿಕೊಳ್ಳಿ: ಹೆಲ್ಮೆಟ್, ಬೆಲ್ಟ್, ಶೂ. ಮೇಲೆ ಬಂದ ಕೂಡಲೇ ಎರಡು ಹೆಜ್ಜೆ ನಡೆದು ಆಮೇಲೆ ಓಡಿ. ಕಣ್ಣು ಕತ್ತಲೆ ಬಂದರೆ ಅಲ್ಲೇ ಕುಳಿತುಬಿಡಿ, ಸ್ವಯಂಸೇವಕರನ್ನು ಕರೆಯಿರಿ. ಈಜುಕೊಳದ ಅಂಚಿನ ಟೈಲ್ಸ್ ಮೇಲೆ ಓಟ ಬೇಡವೇ ಬೇಡ.

ಓಡುತ್ತಾ ಈಜು ಕನ್ನಡಕವನ್ನು ಹಣೆಗೇರಿಸಿ. ಸ್ವಲ್ಪ ದೂರ ಹೋದ ಮೇಲೆ ಟೋಪಿ ಮತ್ತು ಕನ್ನಡಕ ಎರಡನ್ನೂ ಒಂದೇ ಎಳೆತಕ್ಕೆ ಕಿತ್ತು ಕೈಯಲ್ಲಿ ಹಿಡಿಯಿರಿ, ದಾರಿಯಲ್ಲಿ ಎಸೆಯಬೇಡಿ. ಜಾಗ ತಲುಪಿದ ಮೇಲಿನ ಕ್ರಮ ಇದು:

1. ಟೋಪಿ, ಕನ್ನಡಕ ಟವೆಲ್ ಹಿಂದೆ ಬೀಳಲಿ.
2. ಹೆಲ್ಮೆಟ್ ತಲೆಗೆ. ಗಲ್ಲದ ಕೆಳಗೆ ಕ್ಲಿಪ್ ಟಕ್ ಎನ್ನುವವರೆಗೆ ಒತ್ತಿ, ಒಮ್ಮೆ ಕೆಳಕ್ಕೆ ಜಗ್ಗಿ ನೋಡಿ.
3. ಬೆಲ್ಟ್ ಸೊಂಟಕ್ಕೆ, ನಂಬರ್ ಬೆನ್ನಿಗೆ.
4. ಪಾದ ಒರೆಸಿ, ಚೀಲ, ಶೂ.
5. ಸೈಕಲ್ ಕಂಬಿಯಿಂದ ಕೆಳಕ್ಕೆ, ಹೊರಟಿರಿ.

ಹೆಲ್ಮೆಟ್ ಮೊದಲು ಏಕೆಂದರೆ ಕ್ಲಿಪ್ ಹಾಕದೆ ಸೈಕಲ್ ಮುಟ್ಟುವುದು ನಿಯಮಭಂಗ. ನೋಡಿದ ಅಧಿಕಾರಿ ನಿಲ್ಲಿಸಿ ಸರಿ ಮಾಡಿಸುತ್ತಾರೆ, ದಂಡದ ಸಮಯ ಹಾಕುತ್ತಾರೆ, ಕೆಲವು ಕಡೆ ಸ್ಪರ್ಧೆಯಿಂದಲೇ ಹೊರಗೆ. ಒದ್ದೆ ಬೆರಳಿಗೆ ಕ್ಲಿಪ್ ಜಾರುತ್ತದೆ ಎಂಬುದು ಒಣಗಿದ ಕೈಯಲ್ಲಿ ಅಭ್ಯಾಸ ಮಾಡಿದವರಿಗೆ ತಿಳಿಯುವುದಿಲ್ಲ. ಕೈ ನಡುಗುತ್ತಿರುತ್ತದೆ, ಕ್ಲಿಪ್ ಗಲ್ಲದ ಕೆಳಗಿರುವುದರಿಂದ ಕಣ್ಣಿಗೆ ಕಾಣುವುದಿಲ್ಲ, ಗಡ್ಡದ ಕೂದಲೋ ಕತ್ತಿನ ಚರ್ಮವೋ ನಡುವೆ ಸಿಕ್ಕುತ್ತದೆ. ಎಡಗೈ ಹೆಬ್ಬೆರಳನ್ನು ಕ್ಲಿಪ್ಪಿನ ಹಿಂದೆ ಚರ್ಮಕ್ಕೆ ತಾಗಿಸಿ ಇಟ್ಟುಕೊಂಡು ಬಲಗೈಯಿಂದ ದೂಡಿದರೆ ಮೊದಲ ಸಲಕ್ಕೇ ಕೂರುತ್ತದೆ.

ಸೈಕಲ್‌ನ ಎಡಕ್ಕೆ ನಿಂತು ಓಡಿ, ಚೈನ್ ಬಲಕ್ಕಿರುತ್ತದೆ. ಸಮಯ ಅಳೆಯುವ ಚಿಪ್ಪನ್ನು ಎಡಗಾಲಿಗೆ ಕಟ್ಟಿಕೊಳ್ಳುವುದೂ ಇದೇ ಕಾರಣಕ್ಕೆ. ಎಡಗೈ ಹ್ಯಾಂಡಲ್ ಮೇಲೆ, ಬಲಗೈ ಸೀಟಿನ ಮೇಲೆ ಇದ್ದರೆ ಸೈಕಲ್ ನೆಟ್ಟಗೆ ಬರುತ್ತದೆ. ಹೊರಬಾಗಿಲಿನ ಆಚೆ ಒಂದು ಗೆರೆ ಎಳೆದಿರುತ್ತಾರೆ. ಅದನ್ನು ದಾಟಿದ ಮೇಲೆಯೇ ಹತ್ತಬೇಕು. 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಬ್ರಿಟನ್ನಿನ ಜೊನಾಥನ್ ಬ್ರೌನ್‌ಲಿ ಆ ಗೆರೆಗೆ ಮೊದಲೇ ಸೈಕಲ್ ಹತ್ತಿದ್ದಕ್ಕೆ 15 ಸೆಕೆಂಡ್ ದಂಡದ ಜಾಗದಲ್ಲಿ ನಿಲ್ಲಬೇಕಾಯಿತು. ಅವರು ಕಂಚು ಗೆದ್ದರು. ಅಂಥವರಿಗೇ ಅವಸರದಲ್ಲಿ ಗೆರೆ ತಪ್ಪಿದ ಮೇಲೆ ನಾವು ನಾಲ್ಕು ಹೆಜ್ಜೆ ಹೆಚ್ಚು ಹಾಕಿ ಗೆರೆ ದಾಟಿಯೇ ಹತ್ತೋಣ. ಗೆರೆಯ ಬಳಿ ಗುಂಪು ಇರುತ್ತದೆ. ಇನ್ನೂ ಸ್ವಲ್ಪ ಮುಂದಕ್ಕೆ ಹೋಗಿ, ರಸ್ತೆಯ ಎಡಕ್ಕೆ ಸರಿದು, ನಿಂತು ಹತ್ತಿ. ಓಡುತ್ತಾ ಹಾರಿ ಕೂರುವುದು, ಪೆಡಲ್‌ಗೆ ಶೂ ಸಿಕ್ಕಿಸಿಟ್ಟು ರಬ್ಬರ್ ಬ್ಯಾಂಡ್ ಕಟ್ಟುವುದು, ಇವೆಲ್ಲ ವಿಡಿಯೊಗಳಲ್ಲಿ ಚೆನ್ನಾಗಿ ಕಾಣುತ್ತವೆ. ಮೊದಲ ಸ್ಪರ್ಧೆಗೆ ಖಂಡಿತ ಬೇಡ.

ನೀರು ಕುಡಿಯುವುದು, ಕರ್ಜೂರ ತಿನ್ನುವುದು ಸೈಕಲ್ ಮೇಲೆ, ಉಸಿರು ತಹಬಂದಿಗೆ ಬಂದ ಮೇಲೆ.

ಟಿ2: ಸೈಕಲ್‌ನಿಂದ ಓಟಕ್ಕೆ

ಕೊನೆಯ ಒಂದು ಕಿಲೋಮೀಟರ್ ಹಗುರ ಗೇರಿಗೆ ಇಳಿಸಿ, ಕಾಲು ಬೇಗ ಬೇಗ ತಿರುಗಿಸಿ. ಇಳಿಯುವ ಗೆರೆಗಿಂತ ಮೊದಲೇ ಎರಡೂ ಬ್ರೇಕ್ ನಿಧಾನವಾಗಿ ಹಿಡಿದು, ನಿಂತು, ಇಳಿಯಿರಿ. ಗೆರೆ ದಾಟಿ ಇಳಿದರೂ ದಂಡ. ಕಾಲು ಮರಗಟ್ಟಿದ ಹಾಗೆ ಇರುವುದರಿಂದ ಮೊದಲ ನಾಲ್ಕೈದು ಹೆಜ್ಜೆ ಸೈಕಲ್ಲನ್ನೇ ಆಸರೆಯಾಗಿ ಹಿಡಿದು ನಡೆಯಿರಿ.

ನಿಮ್ಮ ಜಾಗಕ್ಕೇ ಬಂದು ಸೈಕಲ್ ನೇತುಹಾಕಿ. ಪಕ್ಕದವರ ಜಾಗ ಖಾಲಿ ಇದೆ ಎಂದು ಅಲ್ಲಿ ಹಾಕಬೇಡಿ. ಸೈಕಲ್ ಕಂಬಿಗೆ ಸೇರಿದ ಮೇಲೆಯೇ ಹೆಲ್ಮೆಟ್ ಕ್ಲಿಪ್ ಬಿಚ್ಚಬೇಕು. ಇಳಿದ ಕೂಡಲೇ ಸೆಖೆಗೆ ಕೈ ತಾನಾಗಿ ಗಲ್ಲಕ್ಕೆ ಹೋಗುತ್ತದೆ, ಅದನ್ನು ತಡೆಯುವುದೇ ಟಿ2ರ ದೊಡ್ಡ ಅಭ್ಯಾಸ. ಹೆಲ್ಮೆಟ್ ಇಟ್ಟು ಟೋಪಿ ಎತ್ತಿಕೊಂಡು ಹೊರಡಿ. ಬೆಲ್ಟ್ ತಿರುಗಿಸುವುದನ್ನೂ ಟೋಪಿ ಹಾಕುವುದನ್ನೂ ಓಡುತ್ತಾ ಮಾಡಬಹುದು.

ಮೊದಲ ಐನೂರು ಮೀಟರ್ ಕಾಲು ನಿಮ್ಮದಲ್ಲ ಅನ್ನಿಸುತ್ತದೆ. ಅದು ಎಲ್ಲರಿಗೂ ಆಗುವುದೇ, ಹೆದರಬೇಡಿ. ಹೆಜ್ಜೆ ಸಣ್ಣದಾಗಿರಲಿ. ಸೈಕಲ್ ವೇಗ ಕಣ್ಣಲ್ಲಿ ಉಳಿದಿರುವುದರಿಂದ ಓಟ ನಿಧಾನ ಅನ್ನಿಸಿ, ಅಗತ್ಯಕ್ಕಿಂತ ಜೋರಾಗಿ ಓಡಿ, ಮೂರನೇ ಕಿಲೋಮೀಟರ್‌ಗೆ ಸುಸ್ತಾಗುವವರು ಬಹಳ. ಪಕ್ಕದವರ ಜೊತೆ ಎರಡು ಮಾತಾಡಬಹುದು ಅನ್ನುವಷ್ಟು ಉಸಿರು ಇರಲಿ.

ಆರು ವಾರದ ತಾಲೀಮು

ಮೊದಲ ಎರಡು ವಾರ ಮನೆಯಂಗಳ ಸಾಕು. ವಾರಕ್ಕೆ ಎರಡು ದಿನ, ಒಂದೊಂದು ಸಲಕ್ಕೆ ಹತ್ತು ನಿಮಿಷ. ಒಣ ಬಟ್ಟೆಯಲ್ಲಿ ಟಿ1, ಟಿ2 ಕ್ರಮವನ್ನು ನಿಧಾನವಾಗಿ, ಬಾಯಲ್ಲಿ ಹೇಳಿಕೊಳ್ಳುತ್ತಾ ಮಾಡಿ. ಈಗ ಗಡಿಯಾರ ನೋಡಬೇಡಿ. ನಾಟಕದವರು ಮಾತು ಬಾಯಿಪಾಠವಾಗುವ ತನಕ ಬಣ್ಣ ಹಚ್ಚುವುದಿಲ್ಲ, ಇದೂ ಹಾಗೆಯೇ.

ಮೂರು, ನಾಲ್ಕನೇ ವಾರ ನೀರು ಸುರಿದುಕೊಳ್ಳಿ. ತಲೆಯ ಮೇಲೆ ಎರಡು ಬಕೆಟ್ ನೀರು, ಅಂಗಳದಲ್ಲಿ ನಾಲ್ಕು ಸುತ್ತು ಓಟ, ಏದುಸಿರಿನಲ್ಲೇ ಟವೆಲ್ ಮುಂದೆ. ನಮ್ಮ ಜೊತೆ ಅಭ್ಯಾಸಕ್ಕೆ ಬರುತ್ತಿದ್ದ ಹರಿಹರದ ಹುಡುಗನೊಬ್ಬ ಒಣಗಿದ ಮೈಯಲ್ಲಿ ಎಲ್ಲವನ್ನೂ ಸರಾಗವಾಗಿ ಮಾಡುತ್ತಿದ್ದ. ಮೊದಲ ದಿನ ನೀರು ಸುರಿದುಕೊಂಡು ಓಡಿಬಂದು ಟವೆಲ್ ಮುಂದೆ ನಿಂತ. ಒಂದು ಕೈಯಲ್ಲಿ ಶೂ, ಇನ್ನೊಂದರಲ್ಲಿ ಬೆಲ್ಟ್, ಗಲ್ಲದಿಂದ ನೀರು ತೊಟ್ಟಿಕ್ಕುತ್ತಿದೆ. "ಅಣ್ಣಾ, ಮೊದಲು ಯಾವುದು?" ಅಂದ. ಹೆಲ್ಮೆಟ್ ಕಣ್ಣೆದುರಿಗೇ ಇತ್ತು. ಉಸಿರು ಏರಿದಾಗ ತಲೆ ಕೆಲಸ ಮಾಡುವುದು ಅಷ್ಟರಲ್ಲೇ ಇದೆ. ಎರಡು ವಾರ ಬಿಟ್ಟು ಅವನೇ ಹೊಸಬರಿಗೆ ಹೇಳಿಕೊಡುತ್ತಿದ್ದ.

ಇದೇ ವಾರಗಳಲ್ಲಿ ಸೈಕಲ್ ಮುಗಿಸಿದ ತಕ್ಷಣ ಓಡುವ ಅಭ್ಯಾಸವನ್ನೂ ಶುರು ಮಾಡಿ. ಅರ್ಧ ಗಂಟೆ ಸೈಕಲ್, ಇಳಿದು ಹತ್ತು ನಿಮಿಷ ಓಟ. ದಾವಣಗೆರೆಯವರಿಗೆ ಕೊಂಡಜ್ಜಿ ರಸ್ತೆ, ಚಿತ್ರದುರ್ಗದವರಿಗೆ ಚಂದ್ರವಳ್ಳಿ ಕಡೆಯ ರಸ್ತೆ ಬೆಳಗಿನ ಹೊತ್ತಿಗೆ ಹಿತ. ರಾಷ್ಟ್ರೀಯ ಹೆದ್ದಾರಿ 48ರ ಮೇಲೆ ಈ ಅಭ್ಯಾಸ ಬೇಡ, ಲಾರಿಗಳ ನಡುವೆ ಹತ್ತಿ ಇಳಿಯುವ ಆಟ ಆಡಬಾರದು.

ಐದನೇ ವಾರ ಈಜುಕೊಳದವರ ಅನುಮತಿ ಕೇಳಿ, ಸೈಕಲ್ಲನ್ನು ಗೇಟಿನ ಹೊರಗೆ ನಿಲ್ಲಿಸಿ, ಈಜಿ ಹೊರಬಂದು ನಿಜವಾದ ಟಿ1 ಮಾಡಿ. ಕೆರೆಯಲ್ಲಿ ಈಜಿ ನೋಡೋಣ ಎಂಬ ಆಸೆ ಬೇಡ. ಕುಂದವಾಡ ಕೆರೆ ಊರಿಗೆ ಕುಡಿಯುವ ನೀರು ಕೊಡುವ ಕೆರೆ. ಸೂಳೆಕೆರೆ, ವಾಣಿ ವಿಲಾಸ ಸಾಗರದಂಥ ಕಡೆ ರಕ್ಷಣಾ ದೋಣಿ, ಕಾಯುವವರು ಇಲ್ಲದೆ ಇಳಿಯುವುದು ಜೀವದ ಜೊತೆ ಆಟ. ಭದ್ರಾ ನಾಲೆಯ ಸೆಳೆತ, ಹತ್ತಲಾಗದ ಇಳಿಜಾರು ದಡ ಈಜು ಬಲ್ಲವರನ್ನೂ ಬಿಟ್ಟಿಲ್ಲ.

ಆರನೇ ವಾರದ ಆರಂಭದಲ್ಲಿ ಪೂರ್ತಿ ತಾಲೀಮು: 200 ಮೀಟರ್ ಈಜು, 8 ಕಿ.ಮೀ. ಸೈಕಲ್, 2 ಕಿ.ಮೀ. ಓಟ, ಸ್ಪರ್ಧೆಯ ದಿನದ ಬಟ್ಟೆ, ಶೂಗಳಲ್ಲೇ. ಈಗ ಗಡಿಯಾರ ಹಿಡಿಯಿರಿ. ಹೊಸಬರಿಗೆ ಟಿ1 ಮೂರರಿಂದ ಐದು ನಿಮಿಷ, ಟಿ2 ಎರಡು ಮೂರು ನಿಮಿಷ ಆಗುವುದು ಮಾಮೂಲು. ಈ ಕ್ರಮಕ್ಕೆ ಬಂದರೆ ಅದರಲ್ಲಿ ಅರ್ಧ ಉಳಿಯಬಹುದು, ಓಡುವ ದೂರ ಎಷ್ಟಿದೆ ಎಂಬುದರ ಮೇಲೆ.

ಹಿಂದಿನ ರಾತ್ರಿ, ಆ ಬೆಳಗ್ಗೆ

ಮೈ ಮೇಲೆ ಹಾಕುವುದೆಲ್ಲ ಒಂದು ಬ್ಯಾಗಿನಲ್ಲಿ, ಟವೆಲ್ ಮೇಲಿಡುವುದೆಲ್ಲ ಇನ್ನೊಂದು ಬ್ಯಾಗಿನಲ್ಲಿ ಇರಲಿ. ನಂಬರ್ ಸ್ಟಿಕ್ಕರ್‌ಗಳನ್ನು ಹೆಲ್ಮೆಟ್‌ಗೂ ಸೈಕಲ್‌ಗೂ ರಾತ್ರಿಯೇ ಅಂಟಿಸಿ. ಬೆಳಗ್ಗೆ ಬಾಳೆಹಣ್ಣು, ಸ್ವಲ್ಪ ಅವಲಕ್ಕಿ, ಹೊಟ್ಟೆಗೆ ರೂಢಿ ಇರುವುದು ಮಾತ್ರ. ಬೆಣ್ಣೆ ದೋಸೆ ಸ್ಪರ್ಧೆ ಮುಗಿದ ಮೇಲೆ ಎರಡು ತಿನ್ನಿ. ಟ್ರಾನ್ಸಿಷನ್ ಜಾಗ ಮುಚ್ಚುವುದಕ್ಕೆ ಮುಕ್ಕಾಲು ಗಂಟೆ ಮೊದಲು ಅಲ್ಲಿರಿ.

ನಮ್ಮ ಕಡೆ ಒಬ್ಬರು ಓಡಲು ಹೊರಟರೆ ಮನೆಮಂದಿಯೆಲ್ಲ ಬರುತ್ತಾರೆ. ಬರಲಿ, ಬೇಲಿಯ ಹೊರಗಿನಿಂದ ಹೆಸರು ಕೂಗಿದರೆ ಸಿಗುವ ಬಲವೇ ಬೇರೆ. ಆದರೆ ಒಳಗೆ ಸ್ಪರ್ಧಿಗಳಿಗಷ್ಟೇ ಪ್ರವೇಶ. ಹೊರಗಿನವರು ಟವೆಲ್ಲೋ ನೀರೋ ಕೊಟ್ಟರೆ ಅದು ಹೊರಗಿನ ನೆರವು ಎನ್ನಿಸಿಕೊಂಡು ದಂಡ ಬೀಳುವುದು ನಿಮಗೆ. ಅಪ್ಪನಿಗೋ ತಮ್ಮನಿಗೋ ಇದನ್ನು ಹಿಂದಿನ ದಿನವೇ ತಿಳಿಸಿ ಹೇಳಿ, ಇಲ್ಲವಾದರೆ ಪ್ರೀತಿಯಿಂದ ಬೇಲಿ ಹಾರಿ ಬಂದುಬಿಡುತ್ತಾರೆ.

ಮಧ್ಯೆ ಏನಾದರೂ ತಪ್ಪಿದರೆ, ಕಾಲುಚೀಲ ಹರಿದರೆ, ಬೆಲ್ಟ್ ಬಿದ್ದರೆ, ಒಂದು ದೀರ್ಘ ಉಸಿರು ತೆಗೆದು ಕ್ರಮದ ಮುಂದಿನ ಅಂಶಕ್ಕೆ ಹೋಗಿ. ಬಿದ್ದ ನಂಬರ್ ಬೆಲ್ಟನ್ನು ಮಾತ್ರ ಹಿಂದಿರುಗಿ ಎತ್ತಿಕೊಳ್ಳಬೇಕು, ಅದಿಲ್ಲದೆ ಓಡಲು ಬಿಡುವುದಿಲ್ಲ.

ಸ್ಪರ್ಧೆ ಮುಗಿದ ಮೇಲೆ ಫಲಿತಾಂಶದ ಪಟ್ಟಿಯಲ್ಲಿ ಟಿ1, ಟಿ2 ಎರಡೂ ಬೇರೆ ಬೇರೆ ಕಾಲಂಗಳಲ್ಲಿ ಇರುತ್ತವೆ. ನಿಮ್ಮಷ್ಟೇ ಈಜಿದ, ನಿಮ್ಮಷ್ಟೇ ಓಡಿದ ನಾಲ್ಕು ಜನರ ಜೊತೆ ನಿಮ್ಮ ಅಂಕಿ ಹೋಲಿಸಿ. ಈಜಿನಿಂದ ಸೈಕಲ್‌ವರೆಗಿನ ಓಟ ಎಲ್ಲರಿಗೂ ಒಂದೇ ಆದ್ದರಿಂದ ಉಳಿದ ವ್ಯತ್ಯಾಸವೆಲ್ಲ ಟವೆಲ್ ಮುಂದೆ ಆದದ್ದು. ಅದು ಕಾಲುಚೀಲದಲ್ಲಿ ಹೋಯಿತೋ ಕ್ಲಿಪ್ಪಿನಲ್ಲಿ ಹೋಯಿತೋ ನೆನಪಿರುವಾಗಲೇ ಬರೆದಿಟ್ಟುಕೊಂಡು, ಮುಂದಿನ ತಾಲೀಮಿನಲ್ಲಿ ಅದನ್ನೇ ಮೊದಲು ತೆಗೆದುಕೊಳ್ಳಿ.